ದೂರದ ಓಟಕ್ಕೆ ಬಿಸಿಎಎ ಬೇಕಾ?

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಬರುವ ಓಟಗಾರರ ಕೈಯಲ್ಲಿ ಬಣ್ಣದ ನೀರು ತುಂಬಿದ ಶೇಕರ್ ಈಗ ಮಾಮೂಲಿ. ಒಳಗಿರುವುದು ಬಿಸಿಎಎ ಪುಡಿ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರು ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟುವ ತುಣುಕುಗಳು), ಸಾಮಾನ್ಯವಾಗಿ 2:1:1ರ ಲೆಕ್ಕದಲ್ಲಿ. ಮೊದಲ ಸಲ ಹಾಫ್ ಮ್ಯಾರಥಾನಿಗೆ ತಯಾರಾಗುವವರು ‘ಬಿಸಿಎಎ ತಗೊಳ್ಳಲಾ?’ ಅಂತ ಕೇಳಿಯೇ ಕೇಳುತ್ತಾರೆ. ಬೇಡ ಅನ್ನುವುದೇ ನನ್ನ ಉತ್ತರ. ಯಾಕೆ ಬೇಡ ಅನ್ನುವುದನ್ನು ಓಡುತ್ತಾ ಓಡುತ್ತಾ ಹೇಳಿ ಮುಗಿಸೋಕೆ ಆಗಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಪುಡಿಯ ಹಿಂದಿನ ಯೋಚನೆ ಸುಮ್ನೆ ಮಾರಾಟಕ್ಕೆ ಅಂತ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಆಕ್ಸ್‌ಫರ್ಡಿನ ಎರಿಕ್ ನ್ಯೂಸ್‌ಹೋಮ್ ಒಂದು ಮಾತು ಹೇಳಿದರು: ದಣಿವು ಕಾಲಲ್ಲಿ ಮಾತ್ರ ಅಲ್ಲ, ಮಿದುಳಲ್ಲೂ ಹುಟ್ಟುತ್ತದೆ. ಗಂಟೆಗಟ್ಟಲೆ ಓಡಿದಾಗ ಮೈಯ ಕೊಬ್ಬು ಕರಗಿ ಫ್ಯಾಟಿ ಆಸಿಡ್‌ಗಳು ರಕ್ತಕ್ಕೆ ಬರುತ್ತವೆ, ಅವು ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು, ಅಲ್ಲಿ ಮೊದಲೇ ಕೂತಿದ್ದ ಟ್ರಿಪ್ಟೊಫಾನ್ ಅನ್ನುವ ಇನ್ನೊಂದು ಅಮೈನೋ ಆಮ್ಲವನ್ನು ಎಬ್ಬಿಸಿಬಿಡುತ್ತವೆ. ಹಾಗೆ ಬಿಡಿಯಾದ ಟ್ರಿಪ್ಟೊಫಾನ್ ಮಿದುಳಿಗೆ ಹೋಗಿ ಸೆರೊಟೊನಿನ್ ಅನ್ನುವ ರಾಸಾಯನಿಕ ಆಗುತ್ತದೆ. ಸೆರೊಟೊನಿನ್ ಜಾಸ್ತಿಯಾದರೆ ಸುಸ್ತು ಅನ್ನುವುದು ಅವರ ಊಹೆ. ಬಿಸಿಎಎ ಕೂಡ ಮಿದುಳಿಗೆ ಹೋಗುವುದು ಅದೇ ಬಾಗಿಲಿನಿಂದ. ಅದನ್ನು ಜಾಸ್ತಿ ಕುಡಿದರೆ ಟ್ರಿಪ್ಟೊಫಾನ್ ಆಚೆಯೇ ಉಳಿಯುತ್ತದೆ, ಸುಸ್ತು ತಡವಾಗುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲ ಸಲ ಓದಿದಾಗ ನನಗೂ ಬಹಳ ಇಷ್ಟವಾಗಿತ್ತು.

ಓಟಗಾರರ ಮೇಲೆ ಪರೀಕ್ಷೆಯೂ ಆಯಿತು. ಸ್ವೀಡನ್ನಿನ ಏವಾ ಬ್ಲೂಮ್‌ಸ್ಟ್ರಾಂಡ್ ಮತ್ತು ನ್ಯೂಸ್‌ಹೋಮ್ ಸೇರಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 193 ಗಂಡಸರು ಮ್ಯಾರಥಾನ್ ಓಡಿದರು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಬಿಸಿಎಎ ಕುಡಿದವರಿಗೂ ಕುಡಿಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ವೇಗದವರು, ನಿಧಾನದವರು ಅಂತ ಬೇರೆ ಮಾಡಿ ನೋಡಿದಾಗ 3 ಗಂಟೆ 5 ನಿಮಿಷದಿಂದ ಮೂರೂವರೆ ಗಂಟೆಯೊಳಗೆ ಮುಗಿಸಿದವರಲ್ಲಿ ಲಾಭ ಕಂಡಿತು. ಓಟ ಮುಗಿದ ಮೇಲೆ ಗುಂಪು ಒಡೆದು ಹುಡುಕಿದರೆ ಎಲ್ಲೋ ಒಂದು ಕಡೆ ಏನಾದರೂ ಸಿಕ್ಕೇ ಸಿಗುತ್ತದೆ. ನಾನು ಇದನ್ನು ಸಾಕ್ಷಿ ಅಂತ ಒಪ್ಪಲ್ಲ.

1995ರಲ್ಲಿ ನೆದರ್ಲೆಂಡ್ಸಿನಲ್ಲಿ ಫಾನ್ ಹಾಲ್ ಮತ್ತು ಜೊತೆಯವರು ಮಾಡಿದ ಪರೀಕ್ಷೆ ನನಗೆ ಬಹಳ ಮುಖ್ಯ ಅನಿಸುತ್ತದೆ. 10 ಮಂದಿ ಪಳಗಿದ ಕ್ರೀಡಾಪಟುಗಳು ಕೈಲಾಗುವಷ್ಟು ಹೊತ್ತು ಸೈಕಲ್ ತುಳಿದರು. ಒಮ್ಮೆ ಕಡಿಮೆ ಬಿಸಿಎಎ, ಒಮ್ಮೆ ಜಾಸ್ತಿ, ಒಮ್ಮೆ ಸುಸ್ತು ತರಬೇಕಾದ ಟ್ರಿಪ್ಟೊಫಾನ್, ಒಮ್ಮೆ ಇದ್ಯಾವುದೂ ಇಲ್ಲ. ಎಲ್ಲ ಸಲವೂ ತುಳಿದದ್ದು ಹೆಚ್ಚುಕಮ್ಮಿ 122 ನಿಮಿಷ. ಟ್ರಿಪ್ಟೊಫಾನ್ ಕೊಟ್ಟಾಗಲೂ ಯಾರೂ ಬೇಗ ಇಳಿಯಲಿಲ್ಲ! ನಾಲ್ಕೂ ಪಾನೀಯಗಳಲ್ಲಿ ಒಂದು ಮಾತ್ರ ಸಮಾನವಾಗಿತ್ತು: ಶೇಕಡಾ 6 ಸಕ್ಕರೆ.

ಈ ಸಕ್ಕರೆಯನ್ನು ಗಮನಿಸಿ. ಓಡುವಾಗ ಸಕ್ಕರೆ ಒಳಗೆ ಹೋಗುತ್ತಿದ್ದರೆ ಕೊಬ್ಬಿನಿಂದ ಫ್ಯಾಟಿ ಆಸಿಡ್ ಬರುವುದು ಕಡಿಮೆಯಾಗುತ್ತದೆ, ಆಲ್ಬುಮಿನ್ ಮೇಲೆ ಟ್ರಿಪ್ಟೊಫಾನ್ ಅಲ್ಲೇ ಕೂತಿರುತ್ತದೆ. ಅಂದರೆ ನ್ಯೂಸ್‌ಹೋಮ್ ಅವರ ಯೋಚನೆ ಪೂರ್ತಿ ಸರಿ ಅಂತಲೇ ಇಟ್ಟುಕೊಂಡರೂ, ಬಿಸಿಎಎ ಮಾಡಬೇಕಾದ ಕೆಲಸವನ್ನು ಸಕ್ಕರೆಯೇ ಮಾಡುತ್ತದೆ, ಜೊತೆಗೆ ಸ್ನಾಯುವಿಗೆ ಉರಿಸೋಕೆ ಇಂಧನವನ್ನೂ ಕೊಡುತ್ತದೆ.

ಈಗ ಒಂದು ಡಬ್ಬಿ ತಿರುಗಿಸಿ ಲೇಬಲ್ ಓದಿ. ‘ಝೀರೋ ಶುಗರ್’ ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಲ್ಯೂಸಿನ್ ಕಹಿ, ನೀರಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಮೇಲೆ ನೊರೆ ಕಟ್ಟಿ ಬಿಳಿ ಪುಡಿ ಶೇಕರಿನ ಗೋಡೆಗೆ ಹತ್ತುತ್ತದೆ. ಕಹಿ ಮುಚ್ಚೋಕೆ ಸುಕ್ರಲೋಸ್, ಹಣ್ಣಿನ ಫ್ಲೇವರ್. ನಾಲಿಗೆಗೆ ಸಿಹಿ ಸಿಗುತ್ತದೆ, ಕಾಲಿಗೆ ಏನೂ ಸಿಗಲ್ಲ. 30 ಕಿಲೋಮೀಟರ್ ಓಡಲು ಹೊರಟ ಹುಡುಗ ಇದನ್ನೊಂದೇ ನಂಬಿಕೊಂಡು ಹೋಗುವುದನ್ನು ನೋಡಿದರೆ ನಿಜವಾಗಿಯೂ ಸಂಕಟವಾಗುತ್ತದೆ.

ಜಪಾನಿನ ಕಥೆಯೊಂದು ಹೇಳಲೇಬೇಕು. ಅಲ್ಲಿಯ ದೈತ್ಯ ಕಡಜಗಳು ಬೇಟೆಗೆ ಬಹಳ ದೂರ ಹಾರುತ್ತವೆ, ಆದರೆ ಸೊಂಟ ಎಷ್ಟು ಸಣ್ಣ ಅಂದರೆ ಗಟ್ಟಿ ಆಹಾರ ಹೊಟ್ಟೆಗೆ ಇಳಿಯಲ್ಲ. ಹಿಡಿದ ಹುಳವನ್ನು ಅಗಿದು ಮರಿಗಳಿಗೆ ಕೊಡುತ್ತವೆ, ಮರಿಗಳು ಬಾಯಿಂದ ಬಿಡುವ ರಸವನ್ನು ತಾವು ಕುಡಿಯುತ್ತವೆ. ರಿಕೆನ್ ಸಂಸ್ಥೆಯ ತಕಾಶಿ ಅಬೆ ಆ ರಸದಲ್ಲಿರುವ ಅಮೈನೋ ಆಮ್ಲಗಳನ್ನು ಅಳೆದು ಅದೇ ಪ್ರಮಾಣದಲ್ಲಿ ಮಿಶ್ರಣ ಮಾಡಿದರು. ಅದು ‘ವಾಮ್’ ಅನ್ನುವ ಪಾನೀಯವಾಗಿ ಅಂಗಡಿಗೆ ಬಂತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ನಾವೊಕೊ ತಕಾಹಾಶಿ 2 ಗಂಟೆ 23 ನಿಮಿಷ 14 ಸೆಕೆಂಡಿನಲ್ಲಿ ಮ್ಯಾರಥಾನ್ ಚಿನ್ನ ಗೆದ್ದಾಗ, ಅವರು ಕುಡಿಯುತ್ತಿದ್ದದ್ದು ಇದೇ ಅಂತ ದೇಶಕ್ಕೆಲ್ಲ ಸುದ್ದಿಯಾಯಿತು. ಕಡಜದ ಸಂಶೋಧನೆ ನಿಜಕ್ಕೂ ಅದ್ಭುತ. ಆದರೆ ತಕಾಹಾಶಿ ಕೋಚ್ ಯೊಶಿಯೊ ಕೊಯಿದೆ ಜೊತೆ ಕೊಲರಾಡೊದ ಎತ್ತರದ ಬೆಟ್ಟಗಳಲ್ಲಿ ಓಡಿದ್ದರಲ್ಲ, ಆ ಕಿಲೋಮೀಟರ್‌ಗಳನ್ನು ಪಕ್ಕಕ್ಕಿಟ್ಟು ಬಾಟಲಿಗೆ ಚಿನ್ನ ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ.

ಹಾಗಂತ ಬಿಸಿಎಎಯಿಂದ ಏನೂ ಇಲ್ಲ ಅನ್ನಲ್ಲ. ಮಾರನೆಯ ದಿನದ ಕಾಲುನೋವು ಸ್ವಲ್ಪ ಕಡಿಮೆಯಾಗುತ್ತದೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸ್ನಾಯು ಕಟ್ಟೋಕೆ ದೇಹಕ್ಕೆ ಬೇಕಾಗಿರುವುದು ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಅಗತ್ಯ ಅಮೈನೋ ಆಮ್ಲಗಳು, ಮೂರಲ್ಲ. ಆಸ್ಟ್ರೇಲಿಯಾದ ಕ್ರೀಡಾ ಸಂಸ್ಥೆ ಬಿಸಿಎಎಯನ್ನು ಇಟ್ಟಿರುವುದೂ ಲಾಭಕ್ಕೆ ಸಾಕಷ್ಟು ಆಧಾರ ಇಲ್ಲದ ಸಿ ಗುಂಪಿನಲ್ಲಿ.

ನಮ್ಮಲ್ಲಿ ಎಷ್ಟೋ ಓಟಗಾರರಿಗೆ ಕಡಿಮೆ ಬೀಳುವುದು ಊಟದ ಪ್ರೋಟೀನ್. ದೂರ ಓಡುವವರಿಗೆ ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಬೇಕು. 60 ಕೆಜಿ ಇರುವವರಿಗೆ 72 ಗ್ರಾಂ ಆಯಿತು, ಕಡಿಮೆ ಅಂದರೂ. ಅನ್ನ, ತಿಳಿಸಾರು, ಮಜ್ಜಿಗೆ ಉಂಡರೆ ಅದರ ಹತ್ತಿರಕ್ಕೂ ಹೋಗಲ್ಲ. ಕಾಳು ಪಲ್ಯ, ಮೊಟ್ಟೆ, ಹಾಲು, ಗಟ್ಟಿ ಮೊಸರು, ಕಡಲೆಬೀಜ ಬೇಕು. ಮುಕ್ಕಾಲು ಲೀಟರ್ ಹಾಲಲ್ಲೇ ಸುಮಾರು 5 ಗ್ರಾಂ ಬಿಸಿಎಎ ಇರುತ್ತದೆ, ಅಂದರೆ ಹೆಚ್ಚುಕಮ್ಮಿ ಒಂದು ಸ್ಕೂಪಿನಷ್ಟು, ಉಳಿದ ಆರು ಅಗತ್ಯ ಅಮೈನೋ ಆಮ್ಲಗಳ ಸಮೇತ.

ಓಡುವಾಗ ಒಂದೂಕಾಲು ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಗೊಳ್ಳಿ. ದೊಡ್ಡ ಬಾಳೆಹಣ್ಣಲ್ಲಿ 25 ಗ್ರಾಂ ಮೇಲೆಯೇ ಇರುತ್ತದೆ, ಒಂದು ಹಿಡಿ ಒಣದ್ರಾಕ್ಷಿಯಲ್ಲೂ ಅಷ್ಟು ಸಿಗುತ್ತದೆ, ಬೆಲ್ಲವೂ ಆದೀತು. ರೇಸ್ ದಿನ ಹೊಸದಾಗಿ ಶುರು ಮಾಡಬೇಡಿ, ಹೊಟ್ಟೆಗೂ ಅಭ್ಯಾಸ ಬೇಕು. ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ಪುಡಿಯ ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ ಎಸೆಯುವುದೇನೂ ಬೇಡ, ಅರ್ಧ ಲೀಟರ್ ನೀರಿಗೆ ಅದರ ಜೊತೆ 30 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಕಲಕಿ. ಫಾನ್ ಹಾಲ್ ಕೊಟ್ಟ ಪಾನೀಯದಲ್ಲಿದ್ದ ಸಕ್ಕರೆಯೂ ಇದೇ ಲೆಕ್ಕದ್ದು.