ತಣ್ಣಗಿದ್ದ ಕ್ರೇಟು

ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಎಂಟು. ಈ ಸಂಖ್ಯೆ ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಹಡಗು ಓಲಾಡುತ್ತಿತ್ತು, ಮೊಣಕೈ ಟೇಬಲ್ಲಿನ ಅಂಚಿಗೆ ಬಡಿಯಿತು. ಅದರ ಕಡೆ ಗಮನವೇ ಹೋಗಲಿಲ್ಲ.

ನಾನು ಧ್ರುವ ಸಾಗರಗಳ ಮೇಲೆ ಕೆಲಸ ಮಾಡುವವಳು. ಹುದ್ದೆಯ ಹೆಸರು ಸೀನಿಯರ್ ರಿಸರ್ಚ್ ಸೈಂಟಿಸ್ಟ್. ಕೇಳಿದವರೆಲ್ಲ ಪೆಂಗ್ವಿನ್ ನೋಡಿದ್ದೀರಾ ಅಂತಲೇ ಮೊದಲು ಕೇಳುತ್ತಾರೆ. ನೋಡಿದ್ದೇನೆ. ಆದರೆ ವರ್ಷದ ಹೆಚ್ಚಿನ ದಿನ ನಾನು ನೋಡೋದು ಪ್ರಾಜೆಕ್ಟ್ ಅರ್ಜಿ, ಬೇರೆಯವರ ಪೇಪರ್, ಮೀಟಿಂಗ್, ಮತ್ತೆ ಮೀಟಿಂಗ್. ಸಮುದ್ರಕ್ಕೆ ಹೋಗೋದು ಎರಡು ಮೂರು ವರ್ಷಕ್ಕೊಮ್ಮೆ, ಐದಾರು ವಾರ. ಸೀನಿಯರ್ ಆದಷ್ಟೂ ನೀರು ಮುಟ್ಟೋದು ಕಡಿಮೆ. ಅದಕ್ಕೇ ಹಡಗಿನಲ್ಲಿದ್ದಾಗ ಎಲ್ಲ ಕೆಲಸಕ್ಕೂ ನಾನೇ ಕೈ ಹಾಕುತ್ತೇನೆ. ಈ ಕಥೆಗೆ ಅದೂ ಒಂದು ಕಾರಣ.

ಜನವರಿ ತಿಂಗಳು. ಅಂಟಾರ್ಕ್ಟಿಕಾದ ಅಡೇಲಿ ಕರಾವಳಿಯಿಂದ ಸ್ವಲ್ಪ ಉತ್ತರಕ್ಕೆ, ಸುಮಾರು 65 ಡಿಗ್ರಿ ದಕ್ಷಿಣ, 140 ಡಿಗ್ರಿ ಪೂರ್ವ. ಟಾಸ್ಮೇನಿಯಾದಿಂದ ನೇರ ಕೆಳಗೆ ಅಂಟಾರ್ಕ್ಟಿಕಾದ ತನಕ ಒಂದು ಗೆರೆ ಎಳೆದು, ಅದರ ಮೇಲೆ 1991ರಿಂದ ಹಡಗುಗಳು ಮತ್ತೆ ಮತ್ತೆ ಅಳತೆ ಮಾಡುತ್ತಾ ಬಂದಿವೆ. ಎಸ್‌ಆರ್3 ಅಂತ ಅದರ ಹೆಸರು. ಅದೇ ಜಾಗ, ಅದೇ ಆಳ, ಮತ್ತೆ ಅಳೆಯೋದು. ಹೊರಗಿನವರಿಗೆ ಬೋರು ಅನಿಸಬಹುದು. ನಮಗೆ ಅದರಷ್ಟು ಬೆಲೆಬಾಳುವುದು ಬೇರೆ ಇಲ್ಲ.

ಆ ಜಾಗವೇ ಯಾಕೆ ಅಂದರೆ, ಜಗತ್ತಿನ ಸಾಗರಗಳ ತಳದಲ್ಲಿ ಹರಿಯುವ ತಣ್ಣೀರು ಹುಟ್ಟುವ ಕೆಲವೇ ಕೆಲವು ಜಾಗಗಳಲ್ಲಿ ಈ ಕರಾವಳಿಯೂ ಒಂದು. ಭೂಖಂಡದ ಮೇಲಿಂದ ಬರುವ ಗಾಳಿ ಕರಾವಳಿಯ ಮಂಜುಗಡ್ಡೆಯನ್ನು ಆಚೆಗೆ ತಳ್ಳುತ್ತಲೇ ಇರುತ್ತದೆ. ತೆರೆದ ನೀರು ಮೈನಸ್ 1.8 ಡಿಗ್ರಿಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಮತ್ತೆ ತಳ್ಳುತ್ತದೆ. ಚಳಿಗಾಲ ಪೂರ್ತಿ ಇದೇ ಆಟ. ಹೆಪ್ಪುಗಟ್ಟುವಾಗ ಮಂಜು ಉಪ್ಪನ್ನು ಹೊರಗೆ ಹಾಕುತ್ತದೆ. ಉಳಿದ ನೀರಿಗೆ ಉಪ್ಪು ಜಾಸ್ತಿಯಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರಿ ತಳ ಸೇರುತ್ತದೆ. ಇಲ್ಲಿ ಮರ್ಟ್ಜ್ ಹಿಮನದಿಯ ಉದ್ದನೆಯ ನಾಲಿಗೆ ಸಮುದ್ರಕ್ಕೆ ಚಾಚಿಕೊಂಡು, ಪೂರ್ವದಿಂದ ತೇಲಿ ಬರುವ ಮಂಜುಗಡ್ಡೆಯನ್ನು ತಡೆದು, ತನ್ನ ಪಶ್ಚಿಮದ ಕಡೆ ನೀರು ತೆರೆದಿರುವ ಹಾಗೆ ನೋಡಿಕೊಳ್ಳುತ್ತಿತ್ತು. 2010ರ ಫೆಬ್ರವರಿಯಲ್ಲಿ ಅದು ಮುರಿಯಿತು. ಸುಮಾರು 78 ಕಿಲೋಮೀಟರ್ ಉದ್ದದ ಗಡ್ಡೆ ಕಳಚಿಕೊಂಡು ಹೋಯಿತು. ಆಮೇಲೆ ಅಲ್ಲಿ ಮಂಜು ಕಟ್ಟೋದು ಕಡಿಮೆಯಾಯಿತು, ಭಾರದ ನೀರಿನಲ್ಲಿ ಉಪ್ಪೂ ಕಡಿಮೆಯಾಯಿತು. ಹಾಗಾಗಿ ತಳದ ನೀರಿನಲ್ಲಿ ಏನು ಕಾಣಬೇಕು ಅಂತ ನನ್ನ ತಲೆಯಲ್ಲಿ ಮೊದಲೇ ಒಂದು ಚಿತ್ರ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಆ ರಾತ್ರಿ ಸಿಟಿಡಿ ಇಳಿಸಿದ್ದು 3,400 ಮೀಟರ್ ಆಳಕ್ಕೆ. ಸಿಟಿಡಿ ಅಂದರೆ ಆಳ, ಬಿಸಿ, ಉಪ್ಪು ಅಳೆಯುವ ಸೆನ್ಸರುಗಳು, ಸುತ್ತ ಒಂದು ಉಕ್ಕಿನ ಚೌಕಟ್ಟು, ಚೌಕಟ್ಟಿನ ತುಂಬ ವೃತ್ತಾಕಾರವಾಗಿ ನಿಂತ 24 ಉದ್ದನೆಯ ಪ್ಲಾಸ್ಟಿಕ್ ಬಾಟಲಿಗಳು. ವಿಂಚ್ ಸೆಕೆಂಡಿಗೆ ಒಂದು ಮೀಟರಿನಂತೆ ಕೇಬಲ್ ಬಿಡುತ್ತದೆ. ಇಳಿಯೋದಕ್ಕೇ ಒಂದು ಗಂಟೆ. ಕೊನೆಯ ನೂರು ಮೀಟರಿನಲ್ಲಿ ಯಾರೂ ಮಾತಾಡಲ್ಲ. ತಳ ಎಷ್ಟು ದೂರ ಅಂತ ಪರದೆ ಮೇಲೆ ಸಂಖ್ಯೆ ಇಳಿಯುತ್ತಾ ಬರುತ್ತದೆ: ನಲವತ್ತು, ಇಪ್ಪತ್ತೈದು, ಹದಿನೈದು. ಹತ್ತಕ್ಕೆ ನಿಲ್ಲಿಸು ಅಂತ ವಿಂಚಿನವರಿಗೆ ಹೇಳಬೇಕು. ತಳಕ್ಕೆ ಗುದ್ದಿದರೆ ಕೆಸರು ಮೇಲೆ ಬರುತ್ತದೆ, ಮರ್ಯಾದೆ ಹೋಗುತ್ತದೆ. ಹತ್ತು ಮೀಟರಿನಲ್ಲಿ ನಿಂತಿತು. ಒಂದನೇ ಬಾಟಲಿಯ ಬಾಯಿ ಮುಚ್ಚಿ ಅಲ್ಲಿನ ನೀರು ಹಿಡಿದೆವು. ಆಮೇಲೆ ಮೇಲಕ್ಕೆ ಎಳೆಯುತ್ತಾ ಒಂದೊಂದು ಆಳದಲ್ಲೂ ನಿಲ್ಲಿಸಿ ಒಂದೊಂದು ಬಾಟಲಿ. ಇಪ್ಪತ್ನಾಲ್ಕನೆಯದು ಮೇಲ್ಮೈಯಲ್ಲಿ. ಈ ಕ್ರಮವನ್ನೂ ನೆನಪಿಟ್ಟುಕೊಳ್ಳಿ.

ಡೆಕ್ ಮೇಲೆ ಬಂದಾಗ ರಾತ್ರಿ ಒಂದು ದಾಟಿತ್ತು. ರಾತ್ರಿ ಅಂತ ಕರೆಯೋದು ಸುಮ್ನೆ, ಆ ಕಾಲದಲ್ಲಿ ಅಲ್ಲಿ ಪೂರ್ತಿ ಕತ್ತಲಾಗಲ್ಲ. ನೀರು ಹಿಡಿಯೋದಕ್ಕೂ ಒಂದು ಸಾಲು ಇದೆ. ಗಾಳಿ ತಾಗಿದರೆ ಕೆಡುವ ಆಕ್ಸಿಜನ್ ಸ್ಯಾಂಪಲ್ ಮೊದಲು, ಉಪ್ಪಿನದು ಎಲ್ಲದಕ್ಕಿಂತ ಕೊನೆಗೆ. ಉಪ್ಪಿನ ಸರದಿ ಬರುವಷ್ಟರಲ್ಲಿ ಬೆರಳುಗಳು ನಮ್ಮವಾಗಿ ಉಳಿದಿರಲ್ಲ. 200 ಮಿಲಿಲೀಟರಿನ ಗಾಜಿನ ಬಾಟಲಿ, ಅದೇ ನೀರಿನಿಂದ ಮೂರು ಸಲ ತೊಳೆದು, ತುಂಬಿ, ಮುಚ್ಚಳ ಬಿಗಿದು, ಕ್ರೇಟಿನಲ್ಲಿ ಅದರದ್ದೇ ಗೂಡಿಗೆ. ತಳದ ನಾಲ್ಕು ಬಾಟಲಿಗಳಿಂದ ಮಾತ್ರ ಎರಡೆರಡು ಸ್ಯಾಂಪಲ್ ತೆಗೆದು, ಎರಡನೆಯದನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟೆವು. ಇದು ನನ್ನ ವಿದ್ಯಾರ್ಥಿನಿಯ ಹಟ. ನಾನು ಬೇಡ ಅಂದಿದ್ದೆ, ಟೈಮ್ ವೇಸ್ಟ್ ಅಂತ.

ಕ್ರೇಟನ್ನು ಸ್ಯಾಲಿನೋಮೀಟರ್, ಅಂದರೆ ನೀರಿನ ಉಪ್ಪು ಅಳೆಯುವ ಯಂತ್ರ, ಇರುವ ಕೋಣೆಗೆ ಹೊತ್ತು ತಂದು, ಬಿಳಿ ಟೇಪಿನ ಮೇಲೆ ಸಮಯ ಬರೆದೆ: 02:40. ನಿಯಮದ ಪ್ರಕಾರ ಅದು ಅಲ್ಲಿ ಇಡೀ ದಿನ ಕೂರಬೇಕು. ಕೋಣೆಯ ಬಿಸಿಗೆ ನೀರು ಹೊಂದಿಕೊಂಡ ಮೇಲೆಯೇ ಅಳೆಯಬೇಕು. ಈ ಮಾತನ್ನು ನಾನೇ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ಆದರೆ ಗಾಳಿ ಜೋರಾಗುತ್ತಿತ್ತು, ಮುಂದಿನ ಸ್ಟೇಷನ್, ಅಂದರೆ ಹಡಗು ನಿಲ್ಲಿಸಿ ಅಳೆಯುವ ಮುಂದಿನ ಜಾಗ, ನಡೆಯುವ ಹಾಗೆ ಕಾಣಲಿಲ್ಲ. ಕೈಯಲ್ಲಿ ಕೆಲಸವಿಲ್ಲ, ನಿದ್ದೆಯೂ ಇಲ್ಲ. ಯಂತ್ರ ನೋಡಿಕೊಳ್ಳುವ ತಂತ್ರಜ್ಞ ಮಲಗಿದ್ದ. ಬೆಳಗ್ಗೆ ಆರೂವರೆಗೆ ನಾನೇ ಹೋಗಿ ಕೂತೆ. ಬಾಟಲಿ ಮುಟ್ಟಿ ನೋಡಿದೆ, ಪರವಾಗಿಲ್ಲ ಅನಿಸಿತು. ಬೆರಳಿಗೆ ಏನು ಗೊತ್ತಾಗುತ್ತದೆ! ಯಂತ್ರದೊಳಗೆ ನೀರಿನ ತೊಟ್ಟಿ ಇದೆ, ಒಳಗೆ ಹೋದ ಸ್ಯಾಂಪಲ್ ಅಲ್ಲೇ ಹದಕ್ಕೆ ಬರುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದನೇ ಬಾಟಲಿಯಿಂದ ಶುರು ಮಾಡಿದೆ.

ತಳದ ಸ್ಯಾಂಪಲ್, ಸೆನ್ಸರ್ ತೋರಿಸಿದ್ದಕ್ಕಿಂತ 0.008 ಕಡಿಮೆ. ಎರಡನೆಯದೂ ಕಡಿಮೆ. ಮೂರನೆಯದೂ. ಮೇಲೆ ಬರುತ್ತಾ ಬರುತ್ತಾ ವ್ಯತ್ಯಾಸ ಕರಗಿ, ಕೊನೆಯ ಬಾಟಲಿಗಳಲ್ಲಿ ಸೊನ್ನೆಗೆ ಬಂತು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವಾಗ 0.008 ಅಂದರೆ ಯಾವ ಲೆಕ್ಕ ಅನ್ನಿಸಬಹುದು. ಆಳದ ನೀರಿನಲ್ಲಿ ಅದು ದೊಡ್ಡದು. ತಳದಲ್ಲಿ ಮಾತ್ರ ಉಪ್ಪು ಕಡಿಮೆ, ಮೇಲೆ ಎಲ್ಲ ಸರಿ! ನಾನು ವರ್ಷಗಳಿಂದ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ ಚಿತ್ರ ಹಾಗೇ ಇಳಿದು ಬಂದಿತ್ತು.

ಸಿಟಿಡಿಯಲ್ಲಿ ಎರಡು ಜೊತೆ ಸೆನ್ಸರ್ ಇರುತ್ತದೆ. ಎರಡೂ ಒಂದನ್ನೊಂದು ಒಪ್ಪುತ್ತಿದ್ದವು, ನನ್ನ ಬಾಟಲಿಗಳನ್ನು ಮಾತ್ರ ಒಪ್ಪುತ್ತಿರಲಿಲ್ಲ. ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ನಮ್ಮ ಕೆಲಸದಲ್ಲಿ ನ್ಯಾಯಾಧೀಶರು ಬಾಟಲಿಗಳು. ಸೆನ್ಸರ್ ಒತ್ತಡಕ್ಕೆ, ವಯಸ್ಸಿಗೆ ದಾರಿ ತಪ್ಪುತ್ತದೆ, ಬಾಟಲಿ ಅದನ್ನು ತಿದ್ದುತ್ತದೆ. ಎರಡೂ ಒಟ್ಟಿಗೆ ದಾರಿ ತಪ್ಪಿವೆ ಅಂದುಕೊಂಡೆ. ಬೇಕಾದ ಉತ್ತರಕ್ಕೆ ಕಾರಣ ಹುಡುಕೋದು ಎಷ್ಟು ಸಲೀಸು ಅಲ್ವಾ? ದಡದಲ್ಲಿರುವ ಇಬ್ಬರು ಸಹೋದ್ಯೋಗಿಗಳಿಗೆ ಮೇಲ್ ಹಾಕಿಯೂ ಬಿಟ್ಟೆ. ಕೊನೆಯಲ್ಲಿ ಎರಡು ಆಶ್ಚರ್ಯ ಚಿಹ್ನೆ ಬೇರೆ.

ಮಧ್ಯಾಹ್ನ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಿಎಚ್‌ಡಿ ಎರಡನೇ ವರ್ಷ, ಮೊದಲ ಹಡಗು ಯಾತ್ರೆ. ಮೊದಲ ವಾರ ಪೂರ್ತಿ ಹೊಟ್ಟೆ ತೊಳಸಿಕೊಂಡು ಮಲಗಿದ್ದವಳು.

"ಮೇಡಂ, ಒಂದ್ನಿಮಿಷ ಇದೆಯಾ? ನಿಮ್ಮ ವ್ಯತ್ಯಾಸವನ್ನ ಆಳದ ಮೇಲೆ ಹಾಕದೆ, ಅಳೆದ ಸಮಯದ ಮೇಲೆ ಹಾಕಿ ನೋಡಿದೆ."

ಗ್ರಾಫ್ ನೋಡಿದೆ. ನುಣ್ಣಗಿನ ಗೆರೆ. ಆರೂವರೆಗೆ 0.008, ಎಂಟೂವರೆ ಹೊತ್ತಿಗೆ ಸೊನ್ನೆ. ಮೊದಲು ಕಡಿದಾಗಿ ಇಳಿದು ಆಮೇಲೆ ಚಪ್ಪಟೆಯಾಗುವ ಗೆರೆ. ತಣ್ಣಗಿನ ವಸ್ತು ಬೆಚ್ಚಗಿನ ಕೋಣೆಯಲ್ಲಿ ಬಿಸಿಯಾಗುವ ಗೆರೆ. ನನಗೆ ಎದೆ ಧಸಕ್ಕೆಂದಿತು.

"ಕ್ರೇಟಿನ ಮೇಲೆ 02:40 ಅಂತಿದೆ," ಅಂದಳು. "ಅದು ನಿಮ್ಮ ಕೈಬರಹ ಅಲ್ವಾ ಮೇಡಂ?" ವ್ಯಂಗ್ಯ ಇರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು. ಬೇರೆ ಯಾರೋ ತಪ್ಪು ಸಮಯ ಬರೆದಿರಬಹುದು ಅಂತ ನನಗೊಂದು ದಾರಿ ಬಿಟ್ಟುಕೊಡುತ್ತಿದ್ದಳು ಅಂತ ಆಮೇಲೆ ಹೊಳೆಯಿತು.

ಈ ಯಂತ್ರ ಉಪ್ಪನ್ನು ನೇರವಾಗಿ ಅಳೆಯಲ್ಲ, ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುತ್ತದೆ. ನೀರು ಒಂದು ಡಿಗ್ರಿ ತಣ್ಣಗಾದರೆ ಆ ಹರಿವು ಸುಮಾರು 2 ಪರ್ಸೆಂಟ್ ಇಳಿಯುತ್ತದೆ. ಲೆಕ್ಕ ಹಾಕಿದರೆ, 0.008 ಬರೋದಕ್ಕೆ ಡಿಗ್ರಿಯ ನೂರನೇ ಒಂದು ಪಾಲಿಗಿಂತ ತುಸು ಜಾಸ್ತಿ ಸಾಕು. ಯಂತ್ರದ ತೊಟ್ಟಿ ಅಷ್ಟನ್ನು ಸರಿಮಾಡಲು ಆಗದೆ ಸೋತಿತ್ತು. ಒಂದನೇ ಬಾಟಲಿ ತಳದ್ದು, ಅದನ್ನೇ ಮೊದಲು ಅಳೆದೆ, ಆಗ ಅದು ಎಲ್ಲಕ್ಕಿಂತ ತಣ್ಣಗಿತ್ತು. ಇಪ್ಪತ್ನಾಲ್ಕನೆಯದು ಮೇಲ್ಮೈಯದು, ಅದರ ಸರದಿ ಬರುವಾಗ ಎರಡು ಗಂಟೆ ಹೆಚ್ಚಿಗೆ ಕೂತಿತ್ತು. ಉಲ್ಟಾ ಕ್ರಮದಲ್ಲಿ ಅಳೆದಿದ್ದರೆ ಮೇಲ್ಮೈಯಲ್ಲಿ ಉಪ್ಪು ಕಡಿಮೆ ಅಂತ ಬರುತ್ತಿತ್ತು, ನಾನು ಹುಬ್ಬು ಗಂಟಿಕ್ಕಿ ಕೂಡಲೇ ಯಂತ್ರವನ್ನು ಅನುಮಾನಿಸುತ್ತಿದ್ದೆ. ಇದೇ ನನಗೆ ಇವತ್ತಿಗೂ ಚುಚ್ಚೋದು. ತಪ್ಪು ಮಾಡಿದ್ದಲ್ಲ. ಅದು ನನಗೆ ಇಷ್ಟವಾದ ದಿಕ್ಕಿನಲ್ಲಿ ಬಿದ್ದಿದ್ದಕ್ಕೆ ತಿರುಗಿಯೂ ನೋಡಲಿಲ್ಲವಲ್ಲ, ಅದು.

ಅಳೆದ ಬಾಟಲಿಗಳಲ್ಲಿ ಮತ್ತೆ ಅಳೆಯುವಷ್ಟು ನೀರು ಉಳಿದಿರಲಿಲ್ಲ. ಉಳಿದದ್ದು ಟೈಮ್ ವೇಸ್ಟ್ ಅಂತ ನಾನು ಬೇಡವೆಂದಿದ್ದ ಆ ನಾಲ್ಕು ಎರಡನೇ ಸ್ಯಾಂಪಲ್. ಅವು ಮರುದಿನ ಮುಂಜಾನೆಯವರೆಗೆ ಕೂತವು. ಈ ಸಲ ತಂತ್ರಜ್ಞನೇ ಯಂತ್ರದ ಮುಂದೆ, ನಾನು ಹಿಂದೆ ಕೈಕಟ್ಟಿ ನಿಂತಿದ್ದೆ. ಮೊದಲು ಸ್ಟ್ಯಾಂಡರ್ಡ್ ಸೀವಾಟರ್, ಅಂದರೆ ಉಪ್ಪು ಎಷ್ಟಿದೆ ಅಂತ ಮೊದಲೇ ಗೊತ್ತಿರುವ ನೀರು, ಹಾಕಿ ಯಂತ್ರ ಸರಿ ಇದೆ ಅಂತ ನೋಡಿಕೊಂಡ. ಆಮೇಲೆ ನಾಲ್ಕೂ ಸ್ಯಾಂಪಲ್. ಸೆನ್ಸರಿಗೂ ಅವಕ್ಕೂ ವ್ಯತ್ಯಾಸ 0.001ರ ಆಸುಪಾಸು. ಏನೂ ಇಲ್ಲ ಅಂತಲೇ ಅರ್ಥ. ಸೆನ್ಸರುಗಳು ಪಾಪ, ಮೊದಲಿನಿಂದಲೂ ನಿಜವನ್ನೇ ಹೇಳುತ್ತಿದ್ದವು.

ತಳದ ನೀರಿನಲ್ಲಿ ಉಪ್ಪು ಕಡಿಮೆಯಾಗುತ್ತಿರೋದು ಸುಳ್ಳು ಅಂತ ಇದರಿಂದ ಅಂದುಕೊಳ್ಳಬೇಡಿ. ಸಾಗರದ ಈ ಭಾಗದಲ್ಲಿ ಹಲವು ದಶಕಗಳ ಅಳತೆಯಲ್ಲಿ ಅದು ಕಂಡಿದೆ, ಬೇರೆ ಬೇರೆ ಹಡಗು, ಬೇರೆ ಬೇರೆ ಯಂತ್ರ, ಬೇರೆ ಬೇರೆ ಜನ. ನನ್ನ ಆ ಒಂದು ಬೆಳಗಿನ ಕ್ರೇಟು ಅದಕ್ಕೆ ಸೇರೋದಿಲ್ಲ, ಅಷ್ಟೇ.

ಎರಡನೇ ಮೇಲ್ ಬರೆಯಲು ನನಗೆ ಒಂದು ಗಂಟೆ ಹಿಡಿಯಿತು. ನಾಲ್ಕು ಸಾಲು. ಆಶ್ಚರ್ಯ ಚಿಹ್ನೆ ಇರಲಿಲ್ಲ. ಒಬ್ಬರು "ನನಗೂ ಒಮ್ಮೆ ಹೀಗೇ ಆಗಿತ್ತು" ಅಂತ ಉತ್ತರಿಸಿದರು. ಇನ್ನೊಬ್ಬರು ಉತ್ತರಿಸಲೇ ಇಲ್ಲ, ಅದನ್ನು ನಾನು ಸೌಜನ್ಯ ಅಂತಲೇ ತಿಳಿದುಕೊಂಡಿದ್ದೇನೆ.

ಗಾಳಿ ಇಳಿದ ಮೇಲೆ ಮುಂದಿನ ಸ್ಟೇಷನ್. ಮತ್ತೆ ಹೊಸ ಕ್ರೇಟು, ಹೊಸ ಬಿಳಿ ಟೇಪು. ನಾನು ಒಳಗೆ ತಂದ ಸಮಯ ಬರೆದೆ. ಅವಳು ಪಕ್ಕದಲ್ಲೇ ನಿಂತಿದ್ದಳು. ಪೆನ್ನು ವಾಪಸ್ ಕೊಡಲು ಹೋದರೆ ತಗೊಳ್ಳಲಿಲ್ಲ.

"ಯಾವಾಗ ತೆಗೀಬೇಕು ಅಂತಾನೂ ಬರೆದುಬಿಡಿ ಮೇಡಂ," ಅಂದಳು, "ದಪ್ಪಗೆ."