ಸೀನಿಯರ್ ಆಫೀಸಿನಲ್ಲಿ ಎಷ್ಟು ವರ್ಷ ಇರಬೇಕು?

ಹೊಸದಾಗಿ ವಕೀಲಿಕೆಯ ಸನ್ನದು ಪಡೆದವರೆಲ್ಲ ಕೇಳುವ ಪ್ರಶ್ನೆ ಇದು. ಸ್ವಂತ ಆಫೀಸು ತೆರೆಯುವ ಮೊದಲು ಎಷ್ಟು ವರ್ಷ ಜೂನಿಯರ್ ಆಗಿರಬೇಕು? ದಾವೆ ಹೂಡುವುದರಿಂದ ಡಿಕ್ರಿಯ (ಕೋರ್ಟಿನ ಅಂತಿಮ ಆದೇಶದ) ಅಮಲ್ಜಾರಿ, ಅಂದರೆ ಜಾರಿವರೆಗೆ ಪ್ರತಿ ಹಂತದ ಕೆಲಸವನ್ನೂ ಒಮ್ಮೆಯಾದರೂ ನೀವೇ ಮಾಡುವ ತನಕ ಎಂಬುದು ನನ್ನ ಉತ್ತರ. ಎಲ್ಲವೂ ಒಂದೇ ಫೈಲಿನಲ್ಲಿ ಆಗಬೇಕಿಲ್ಲ. ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಆ ವರ್ಷಗಳನ್ನು ಹೈಕೋರ್ಟಿಗಿಂತ ತಾಲ್ಲೂಕು ಇಲ್ಲವೇ ಜಿಲ್ಲಾ ಕೋರ್ಟಿನಲ್ಲಿ ಕಳೆಯಿರಿ. ಸಾಕ್ಷಿ ಕಟಕಟೆ ಹತ್ತುವುದು ಅಲ್ಲೇ.

ಮೊದಲ ಕೆಲಸ ಡೈರಿ. ಮುಂದಿನ ತಾರೀಕಿನ ಜೊತೆ ಕೇಸನ್ನು ಯಾವುದಕ್ಕೆ ಇಟ್ಟಿದ್ದಾರೆ ಎಂಬುದನ್ನೂ ಬರೆದುಕೊಳ್ಳಬೇಕು. ತಾರೀಕು ಮಾತ್ರ ಬರೆದುಕೊಂಡು ಬಂದರೆ ಸಾಕ್ಷ್ಯದ ದಿನ ಸಾಕ್ಷಿಯೇ ಬಂದಿರುವುದಿಲ್ಲ; ಕೋರ್ಟು 'ಸಾಕ್ಷ್ಯ ಇಲ್ಲ' ಎಂದು ಬರೆದು ಮುಂದೆ ಹೋಗಬಹುದು. ಅನುಮಾನ ಬಂದರೆ ಬೆಂಚ್ ಕ್ಲರ್ಕ್ ಅವರನ್ನು ಕೇಳಿ ಆಯಾ ದಿನದ ಆದೇಶ ಬರೆದಿಡುವ ಆರ್ಡರ್ ಶೀಟ್ ನೋಡಿ.

ಆಮೇಲೆ ಗಡುವುಗಳು. ಚೆಕ್ ಬೌನ್ಸ್ ಕೇಸನ್ನೇ ನೋಡಿ. ಚೆಕ್ ವಾಪಸಾಗಿದೆ ಎಂದು ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ನೋಟಿಸಿನ 30 ದಿನಕ್ಕೆ ಆ ಅವಕಾಶ ಇಲ್ಲ. ಹಾಗಾಗಿ ಮೆಮೊದ ಮೇಲೆ ಕೈಗೆ ಬಂದ ದಿನಾಂಕವನ್ನು ಕಕ್ಷಿದಾರರ ಎದುರಿಗೇ ಬರೆಸಿಕೊಳ್ಳಿ.

ಡ್ರಾಫ್ಟಿಂಗ್‌ನಲ್ಲಿ ಜೂನಿಯರ್‌ಗಳು ಅತಿ ಹೆಚ್ಚು ಎಡವುವುದು ಜಮೀನಿನ ಷೆಡ್ಯೂಲಿನಲ್ಲಿ, ಅಂದರೆ ದಾವೆಯಲ್ಲಿ ಕೊಡುವ ಜಮೀನಿನ ವಿವರದಲ್ಲಿ. ಹಳೆಯ ಕ್ರಯಪತ್ರದ ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಎಲ್ಲೆಯನ್ನು) ಹಾಗೇ ಇಳಿಸಿಬಿಡುತ್ತಾರೆ. ಅಷ್ಟರಲ್ಲಿ ಜಮೀನು ಪೋಡಿಯಾಗಿ (ಅಳತೆ ಮಾಡಿ ಭಾಗವಾಗಿ) ಸರ್ವೆ ನಂಬರು ಬದಲಾಗಿರುತ್ತದೆ, ಪಕ್ಕದ ಜಮೀನು ಇನ್ಯಾರದ್ದೋ ಕೈಗೆ ಹೋಗಿರುತ್ತದೆ. ವರ್ಷಗಟ್ಟಲೆ ಹೋರಾಡಿ ಡಿಕ್ರಿ ಪಡೆದ ರೈತನಿಗೆ ಡಿಕ್ರಿ ಜಾರಿ ಮಾಡುವ ಕೋರ್ಟಿನ ಅಮೀನರು ಜಾಗಕ್ಕೆ ಬಂದ ದಿನ 'ಇದು ಆ ಜಮೀನಲ್ಲ' ಎಂಬ ತಕರಾರು ಎದುರಾಗುವುದು ಇದರಿಂದಲೇ. ಈಗಿನ ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ ಮುಂದಿಟ್ಟುಕೊಂಡು ನಾಲ್ಕೂ ದಿಕ್ಕು ತಾಳೆ ನೋಡದೆ ಷೆಡ್ಯೂಲ್ ಟೈಪ್ ಮಾಡಿಸಬೇಡಿ. ಪ್ರತಿವಾದಿಯ ಪರ ಬರೆಯುವಾಗ ಪ್ಯಾರಾ ಪ್ಯಾರಾ ಹಿಡಿದು ಅಲ್ಲಗಳೆಯಿರಿ. ನಿರ್ದಿಷ್ಟವಾಗಿ ಅಲ್ಲಗಳೆಯದ ಮಾತು ಒಪ್ಪಿಕೊಂಡಂತೆ.

ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು, ಕೇಳಿ ಕಲಿಯುವ ವಿದ್ಯೆ. ಸೀನಿಯರ್ ಸವಾಲು ಮಾಡುವ ಹಿಂದಿನ ರಾತ್ರಿ ಅದೇ ಫೈಲಿಗೆ ನಿಮ್ಮ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಮರುದಿನ ಅವರು ಯಾವುದನ್ನು ಕೇಳದೆ ಬಿಟ್ಟರು ಎಂಬುದನ್ನು ಗಮನಿಸಿ. ಬಿಟ್ಟ ಪ್ರಶ್ನೆಗಳಲ್ಲೇ ಹೆಚ್ಚು ಪಾಠ ಇರುತ್ತದೆ.

ಸಂಬಳದ ಮಾತನ್ನು ಸೇರುವಾಗಲೇ ಆಡಿಬಿಡಿ. ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಕಡ್ಡಾಯ ಅಲ್ಲದ್ದರಿಂದ ಅನೇಕ ಕಡೆ ಇದಕ್ಕಿಂತ ಬಹಳ ಕಡಿಮೆ ಸಿಗುತ್ತದೆ. ಇದು ಅನ್ಯಾಯ. ಮನೆಯಲ್ಲಿ ಅನುಕೂಲ ಇಲ್ಲದ ಮಕ್ಕಳು ವೃತ್ತಿ ಬಿಡುವುದು ಇಲ್ಲೇ.

ಸಿವಿಲ್ ಜಡ್ಜ್ ಪರೀಕ್ಷೆಯ ಆಸೆ ಇದ್ದವರಿಗೆ ಒಂದು ಮಾತು. ಮೂರು ವರ್ಷದ ವಕೀಲಿಕೆಯನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಮತ್ತೆ ಕಡ್ಡಾಯ ಮಾಡಿದೆ. ಲೆಕ್ಕ ವಕೀಲರಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದ. ಕನಿಷ್ಠ 10 ವರ್ಷ ವೃತ್ತಿಯಲ್ಲಿರುವ ವಕೀಲರ ಪ್ರಮಾಣಪತ್ರ, ಅದಕ್ಕೆ ನ್ಯಾಯಾಧೀಶರ ದೃಢೀಕರಣ ಬೇಕಾಗುತ್ತದೆ. ಹಾಗಾಗಿ ಕಕ್ಷಿದಾರರು ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿನಲ್ಲಿ ಸೀನಿಯರ್ ಜೊತೆ ನಿಮ್ಮ ಹೆಸರು, ಸಹಿಯೂ ಇರುವಂತೆ ಮೊದಲ ದಿನದಿಂದಲೇ ನೋಡಿಕೊಳ್ಳಿ.