ಹಳೇ ಮೈ, ಹೊಸ ಗುಂಡಿಗೆ

ಕೊನೆಗೂ ನನ್ನ ಹಾಟ್ ರಾಡ್, ಅಂದರೆ ಹಳೇ ಕಾರಿಗೆ ಜೋರು ಇಂಜಿನ್ ಕೂರಿಸಿ ಮಾಡಿದ ಗಾಡಿ, ಶೆಡ್ಡಿನಿಂದ ಹೊರಗೆ ಬಂತು. ನೋಡಲು 1932ರ ಫೋರ್ಡ್. ಆ ಕಾಲದ ವಿ8 (ಎಂಟು ಸಿಲಿಂಡರಿನ) ಇಂಜಿನ್ನಿಗೆ ಇದ್ದದ್ದು ಬರೀ 65 ಅಶ್ವಶಕ್ತಿ. ನಾನು ಕೂರಿಸಿದ್ದು ಶೆವರ್ಲೆಯ 6.2 ಲೀಟರ್ ಎಲ್‌ಎಸ್3 ಇಂಜಿನ್, ಸುಮಾರು 430 ಅಶ್ವಶಕ್ತಿ. ಫೋರ್ಡ್ ಹೊಟ್ಟೆಯಲ್ಲಿ ಎದುರಾಳಿ ಶೆವರ್ಲೆ! ಬೈಯುವವರು ಬೈಯಲಿ.

ಇಂಜಿನ್ ಕೂರಿಸುವುದು ಸುಲಭ, ವೈರಿಂಗೇ ತಲೆನೋವು. ಇಂಧನ, ಕಿಡಿ ಎಲ್ಲಾ ಕಂಪ್ಯೂಟರ್ ಕೈಯಲ್ಲಿ. ಒಂದು ಅರ್ತ್ ವೈರ್ ಸಡಿಲವಾಗಿ ಎರಡು ದಿನ ಸುಮ್ನೆ ಹೋದವು. ತಪ್ಪು ನನ್ನದೇ.

ಅಂದಿನ ಬ್ರೇಕು ಕಂಬಿ ಎಳೆದು ಹಿಡಿಯುವ ಡ್ರಮ್. ಅದನ್ನು ನಂಬಿ 430 ಕುದುರೆ ಓಡಿಸಲು ಆಗುತ್ತದಾ? ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿದೆ.

ಕೀ ತಿರುಗಿಸಿದೆ. ಕನ್ನಡಿ ಗಡಗಡ ನಡುಗಿತು. ಪೆಡಲ್ ಮೆಲ್ಲಗೆ ಒತ್ತಿದ್ದಷ್ಟೇ, ಹಿಂದಿನ ಟೈರು ಕಿರುಚಿತು. ಕಾಲ ಬುಡದಲ್ಲಿ ಮಾತ್ರ ಸೆಕೆ ಜಾಸ್ತಿ.